ಕಡಲಿಗೆ ಕಲ್ಲು ಹಾಕ್ತೀರಿ ಸರಿ, ನಮ್ಮ ಜನರನ್ನು ಎಲ್ಲಿಗೆ ಹಾಕ್ತೀರಿ?

ಸ್ವಲ್ಪ ಉದ್ದ ಆಗಿದೆ, ಪುರುಸೊತ್ತು ಮಾಡಿಕೊಂಡು ಓದಿ. ಓದದೆ ಲೈಕ್ ಒತ್ತಿ ಹೋಗಬೇಡಿ.

ಹೋದ ಭಾನುವಾರ ಎಸ್.ಎಸ್. ಬಡಾವಣೆಯಲ್ಲಿ ನಾವು ಹತ್ತು ಹನ್ನೆರಡು ಜನ ಸೇರಿದ್ವಿ. ಮುಂದಿನ ಮೂರು ತಿಂಗಳು ಯಾವ ವಿಷಯ ಹಿಡಿಯಬೇಕು ಅನ್ನೋ ಚರ್ಚೆ. ಸಮುದ್ರ ಏರ್ತಿದೆ, ಕರಾವಳಿಯ ಊರುಗಳನ್ನು ಉಳಿಸೋಕೆ ಅಂತ ಸರ್ಕಾರ ಯೋಜನೆ ಮೇಲೆ ಯೋಜನೆ ಮಾಡ್ತಿದೆ, ಅದರಲ್ಲಿ ದಲಿತ ಸಂಘಟನೆಗಳ ಮಾತು ಇರಲೇಬೇಕು ಅಂದೆ. ಹಿರಿಯ ಸಂಗಾತಿಯೊಬ್ಬರು ನಕ್ಕುಬಿಟ್ಟರು. "ಅಲ್ಲೋ ತಮ್ಮಾ, ಇಲ್ಲಿ ಭದ್ರಾ ನಾಲೆ ನೀರೇ ಕೊನೇ ಭಾಗಕ್ಕೆ ಮುಟ್ಟಲ್ಲ, ನೀನು ಸಮುದ್ರದಾಗೆ ನೀರು ಜಾಸ್ತಿ ಆಯ್ತು ಅಂತ ಅಳ್ತೀಯಲ್ಲೋ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಮಾತು ಚೆನ್ನಾಗೇ ಇತ್ತು. ಆದರೆ ನಗು ಮುಗಿದ ಮೇಲೆ ವಿಷಯವೂ ಅಲ್ಲಿಗೇ ಮುಗಿದುಹೋಯ್ತು. ಅದಕ್ಕೆ ಇಲ್ಲಿ ಬರೀತಿದ್ದೀನಿ.

ಸಮುದ್ರ ನಮ್ಮ ವಿಷಯ ಅಲ್ಲ ಅನ್ನೋರಿಗೆ ಒಂದು ಪ್ರಶ್ನೆ. ಜಗಳೂರು, ಹರಪನಹಳ್ಳಿ, ಹಡಗಲಿ, ಕೊಪ್ಪಳ, ಗದಗ, ಬಾಗಲಕೋಟೆ ಕಡೆಯಿಂದ ಮಂಗಳೂರು, ಉಡುಪಿ ಬಸ್ಸು ಹತ್ತುವವರು ಯಾರು? ಗಾರೆ ಕೆಲಸಕ್ಕೆ, ರಸ್ತೆ ಅಗೆಯೋಕೆ, ಬಂದರಿನಲ್ಲಿ ಮೀನಿನ ಬುಟ್ಟಿ ಹೊರೋಕೆ ಹೋಗುವವರು ನಮ್ಮ ಕೇರಿಯವರು, ತಾಂಡಾದವರು. 2025ರ ಮಾರ್ಚ್‌ನಲ್ಲಿ ಮಲ್ಪೆ ಬಂದರಿನಲ್ಲಿ ಮೀನು ಕದ್ದಳು ಅಂತ ಒಬ್ಬ ಹೆಣ್ಣುಮಗಳನ್ನು ಮರಕ್ಕೆ ಕಟ್ಟಿ ಹೊಡೆದರಲ್ಲ, ಆ ವಿಡಿಯೋ ನೀವೆಲ್ಲ ಹಂಚಿಕೊಂಡಿದ್ರಿ. ಆಕೆ ದುಡಿಯೋಕೆ ಅಂತ ವಿಜಯನಗರ ಜಿಲ್ಲೆಯಿಂದ ಅಲ್ಲಿಗೆ ಹೋಗಿದ್ದ ಪರಿಶಿಷ್ಟ ಜಾತಿಯ ಹೆಣ್ಣುಮಗಳು. ಆವತ್ತು ನಾವೆಲ್ಲ ಸಿಟ್ಟಾದ್ವಿ. ಆಕೆಯಂಥ ಸಾವಿರಾರು ಜನ ಅಲ್ಲಿ ಯಾವ ಜಾಗದಲ್ಲಿ ಮಲಗ್ತಾರೆ, ಮಳೆಗಾಲದಲ್ಲಿ ಅಲ್ಲಿಗೆ ಎಷ್ಟು ನೀರು ಬರುತ್ತೆ ಅಂತ ಮಾತ್ರ ಯಾರೂ ಕೇಳಲಿಲ್ಲ. ಊರಿನಲ್ಲಿ ಎತ್ತರದ ಜಾಗ, ಒಳ್ಳೆ ಜಾಗ ಎಲ್ಲ ಹಂಚಿಹೋದ ಮೇಲೆ ಉಳಿಯೋ ತಗ್ಗಿನಲ್ಲಿ ಶೆಡ್ಡು ಬೀಳೋದು. ಇದು ಕರಾವಳಿಯಲ್ಲೂ ಒಂದೇ, ನಮ್ಮಲ್ಲೂ ಒಂದೇ.

ಅಲ್ಲಿಯೇ ಹುಟ್ಟಿ ಬೆಳೆದವರೂ ಇದ್ದಾರೆ. ಕೊರಗರು ಕೇಂದ್ರ ಸರ್ಕಾರದ ಪಟ್ಟಿಯಲ್ಲೇ ವಿಶೇಷ ದುರ್ಬಲ ಬುಡಕಟ್ಟು. ಅವರ ಮೇಲಿದ್ದ ಅಜಲು ಪದ್ಧತಿ ನಿಷೇಧಿಸೋಕೆ 2000ದವರೆಗೆ ಕಾಯಬೇಕಾಯ್ತು. ಆದಿದ್ರಾವಿಡರ ಕಾಲೊನಿಗಳಿವೆ, ಪೌರಕಾರ್ಮಿಕರ ಮನೆಗಳಿವೆ. ಕಡಲು ಅಂದಕೂಡಲೇ ಕಣ್ಣಿಗೆ ಬರೋದು ದೋಣಿ, ಬಲೆ, ಸೂರ್ಯಾಸ್ತ. ಇವರು ಆ ಚಿತ್ರದಲ್ಲಿ ಬರಲ್ಲ.

ಈಗ ಲೆಕ್ಕಕ್ಕೆ ಬರೋಣ. 1901ರಿಂದ 2018ರ ಒಳಗೆ ಜಗತ್ತಿನ ಸಮುದ್ರ ಮಟ್ಟ ಸುಮಾರು 20 ಸೆಂ.ಮೀ. ಏರಿದೆ ಅಂತ ಐಪಿಸಿಸಿಯ 2021ರ ವರದಿ ಹೇಳುತ್ತೆ. ನಮ್ಮ ಕಡೆಯ ಉತ್ತರ ಹಿಂದೂ ಮಹಾಸಾಗರದಲ್ಲಿ 1993ರಿಂದ 2017ರವರೆಗೆ ವರ್ಷಕ್ಕೆ 3.3 ಮಿ.ಮೀ. ಏರಿಕೆ ಅಂತ ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯಲ್ಲಿದೆ. ಅಂದರೆ ಮೂವತ್ತು ವರ್ಷಕ್ಕೆ ಅರ್ಧ ಗೇಣು. ಇಷ್ಟೇನಾ ಅಂತ ಅನ್ನಿಸಬಹುದು. ಆದರೆ ದಡ ಗೋಡೆ ಥರ ನೆಟ್ಟಗೆ ನಿಂತಿರಲ್ಲ, ಇಳಿಜಾರಾಗಿ ಮಲಗಿರುತ್ತೆ. ಅರ್ಧ ಗೇಣು ಮೇಲೆ ಬಂದ ನೀರು ಒಳಗೆ ಎಷ್ಟೋ ಮಾರು ಬಂದುಬಿಡುತ್ತೆ. ಅದರ ಮೇಲೆ ಉಬ್ಬರ, ಅದರ ಮೇಲೆ ಚಂಡಮಾರುತದ ಅಲೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಸೋಮೇಶ್ವರ, ಉಚ್ಚಿಲದಲ್ಲಿ ಏನಾಯ್ತು ಅಂತ ಟಿವಿಯಲ್ಲಿ ನೋಡಿದ್ದೀರಿ. ಕಣ್ಣಿಗೆ ಕಾಣದ್ದು ಇನ್ನೊಂದಿದೆ: ಬಾವಿ ಉಪ್ಪಾಗೋದು. ದುಡ್ಡಿದ್ದವರು ಟ್ಯಾಂಕರ್ ತರಿಸ್ತಾರೆ. ಕಾಲೊನಿಯ ಹೆಂಗಸರು ಕೊಡ ಹಿಡಿದು ಇನ್ನೊಂದು ಬಾವಿ ಹುಡುಕಬೇಕು. ಆ ಬಾವಿ ಯಾರದು, ಅಲ್ಲಿ ಸೇದೋಕೆ ಬಿಡ್ತಾರಾ ಇಲ್ಲವಾ ಅನ್ನೋದನ್ನು 1927ರ ಮಹಾಡ್ ಓದಿದ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಸರ್ಕಾರಕ್ಕೆ ಗೊತ್ತಿರೋ ಔಷಧಿ ಒಂದೇ, ಕಲ್ಲು. ಉಳ್ಳಾಲದ ಕಥೆ ನೋಡಿ. ನೇತ್ರಾವತಿ ಸಮುದ್ರ ಸೇರೋ ಅಳಿವೆ ಬಾಗಿಲಲ್ಲಿ ಬಂದರಿನ ದೋಣಿಗಳಿಗೆ ಅನುಕೂಲ ಆಗಲಿ ಅಂತ 1990ರ ದಶಕದಲ್ಲಿ ಎರಡು ಬದಿಗೆ ಬ್ರೇಕ್‌ವಾಟರ್ ಕಟ್ಟಿದರು. ದಡದುದ್ದಕ್ಕೂ ಅತ್ತಿಂದಿತ್ತ ಓಡಾಡ್ತಿದ್ದ ಮರಳಿನ ದಾರಿ ಕೆಟ್ಟಿತು. ದಕ್ಷಿಣಕ್ಕಿದ್ದ ಕೋಟೆಪುರ, ಮೊಗವೀರಪಟ್ಣದ ಕಡೆ ಕೊರೆತ ಜಾಸ್ತಿ ಆಯ್ತು. ವರ್ಷ ವರ್ಷ ಲಾರಿಗಟ್ಟಲೆ ಬಂಡೆ ಸುರಿದರು, ವರ್ಷ ವರ್ಷ ಸಮುದ್ರ ಅದನ್ನು ನುಂಗಿತು. 2010ರಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕು ಕರ್ನಾಟಕ ಮತ್ತು ಮಹಾರಾಷ್ಟ್ರದ ಕರಾವಳಿಗೆ 25 ಕೋಟಿ ಡಾಲರ್‌ವರೆಗಿನ ಸಾಲದ ಕಾರ್ಯಕ್ರಮ ಒಪ್ಪಿಕೊಂಡಿತು. ಆ ದುಡ್ಡಿನಲ್ಲಿ ಉಳ್ಳಾಲದ ಸಮುದ್ರದೊಳಗೆ ರೀಫ್ ಕಟ್ಟಿದರು, ದಡದಲ್ಲಿ ಬರ್ಮ್ ಕಟ್ಟಿದರು. ಕಟ್ಟಿದ ಕಡೆ ಒಂದಿಷ್ಟು ತಡೆ ಆಯ್ತು, ಅದನ್ನು ಅಲ್ಲಗಳೆಯಲ್ಲ. ಆದರೆ ಕಡಲ್ಕೊರೆತ ಅಲ್ಲಿಗೆ ನಿಲ್ಲಲಿಲ್ಲ. ಇನ್ನೂ ದಕ್ಷಿಣಕ್ಕೆ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿಯಲ್ಲಿ ರಸ್ತೆ, ಮನೆ, ತೆಂಗಿನ ಮರ ಬೀಳೋದು ಇವತ್ತಿಗೂ ಸುದ್ದಿ. ಒಂದು ಕಡೆ ಕಲ್ಲು ಹಾಕಿದರೆ ಪಕ್ಕದ ಊರಿಗೆ ಪೆಟ್ಟು. ಅಲ್ಲಿ ಮತ್ತೆ ಟೆಂಡರ್.

ಆದ್ದರಿಂದ ಎಲ್ಲ ಕೊರೆತಕ್ಕೂ ಸಮುದ್ರ ಏರಿಕೆಯೇ ಕಾರಣ ಅನ್ನೋ ಮಾತನ್ನು ನಾನು ನಂಬಲ್ಲ. ಹವಾಮಾನ ಬದಲಾವಣೆ ಅಂದುಬಿಟ್ಟರೆ ಅಧಿಕಾರಿಗಳಿಗೆ ಬಹಳ ಸಲೀಸು. ಬಂದರು ಕಟ್ಟಿದವರು, ನದಿ ಮರಳು ತೆಗೆಸಿದವರು, ದಡದ ದಿಬ್ಬ ನೆಲಸಮ ಮಾಡಿ ರೆಸಾರ್ಟ್ ಎಬ್ಬಿಸಿದವರು ಎಲ್ಲರೂ ಬಚಾವ್. ಏರುವ ಸಮುದ್ರ ಈ ಗಾಯಗಳ ಮೇಲೆಯೇ ಬಂದು ಕೂರ್ತಿದೆ.

ಇನ್ನು ನನ್ನ ಕಸುಬಿನ ಮಾತು. ನಾನು ಗುಮಾಸ್ತ. ಇಪ್ಪತ್ತು ವರ್ಷದಿಂದ ಕಡತ ಕಟ್ಟೋದು, ಬಿಚ್ಚೋದು, ಟಪಾಲು ಕಳಿಸೋದು ಮಾಡ್ಕೊಂಡು ಬಂದವನು. ಒಂದು ಯೋಜನೆಯಲ್ಲಿ ಯಾರು ಬದುಕ್ತಾರೆ, ಯಾರು ಸಾಯ್ತಾರೆ ಅನ್ನೋದು ಭಾಷಣದಲ್ಲಿ ಗೊತ್ತಾಗಲ್ಲ, ಅನುಬಂಧದಲ್ಲಿ ಸಣ್ಣಕ್ಷರದಲ್ಲಿ ಬರೆದಿರ್ತಾರೆ. 2022-26ರ ಅವಧಿಯ ವಿಪತ್ತು ಪರಿಹಾರ ನಿಧಿಯ ನಿಯಮ ತೆಗೆದು ನೋಡಿ. ಚಂಡಮಾರುತ, ಬರ, ಭೂಕಂಪ, ಬೆಂಕಿ, ಪ್ರವಾಹ, ಸುನಾಮಿ ಅಂತ ಹನ್ನೆರಡು ವಿಪತ್ತಿನ ಪಟ್ಟಿ ಇದೆ. ಹಿಮಪಾತ ಇದೆ, ಕೀಟಬಾಧೆ ಇದೆ. ಕಡಲ್ಕೊರೆತ ಇಲ್ಲ! ಇದ್ದ ಜಾಗವೇ ಸಮುದ್ರ ಆಗಿಹೋದರೂ ಆ ಪಟ್ಟಿ ಪ್ರಕಾರ ವಿಪತ್ತು ಆಗಿಲ್ಲ. ರಾಜ್ಯ ಬೇಕಾದರೆ ತನ್ನ ನಿಧಿಯ ಶೇ. 10ರ ಒಳಗೆ ಸ್ಥಳೀಯ ವಿಪತ್ತು ಅಂತ ಘೋಷಿಸಿ ಕೊಡಬಹುದು, ಅದು ಅವರ ಮರ್ಜಿ.

ಸರಿ, ಚಂಡಮಾರುತದಲ್ಲೇ ಮನೆ ಹೋಯ್ತು ಅಂತ ಇಟ್ಟುಕೊಳ್ಳಿ. ಬಯಲು ಸೀಮೆಯಲ್ಲಿ, ಕರಾವಳಿಯಲ್ಲಿ ಪೂರ್ತಿ ಬಿದ್ದ ಮನೆಗೆ 1,20,000 ರೂ., ಗುಡಿಸಲಿಗೆ 8,000 ರೂ. ಅದೇ ಸಾಲಿನ ಕೆಳಗೆ ಒಂದು ಷರತ್ತು: ಬಿದ್ದ ಮನೆ ಅಧಿಕೃತ ಕಟ್ಟಡ ಅಂತ ಸಕ್ಷಮ ಪ್ರಾಧಿಕಾರ ದೃಢೀಕರಿಸಬೇಕು. ನೀರಿಗೆ ಗೊತ್ತಾ ಯಾವುದು ಅಧಿಕೃತ, ಯಾವುದು ಅನಧಿಕೃತ? ಕೇಸ್ ವರ್ಕರ್‌ಗೆ ಗೊತ್ತು. ನದಿ ದಡದಲ್ಲಿದ್ದ ನಮ್ಮ ನೆಂಟರೊಬ್ಬರ ಮನೆಗೆ ನೀರು ನುಗ್ಗಿ ಗೋಡೆ ಕುಸಿದಾಗ ಅವರ ಅರ್ಜಿ ಹಿಡಿದು ನಾನೇ ಒಂದು ಕಚೇರಿಗೆ ಅಲೆದವನು. ಪಂಚನಾಮೆ ಆಗಿತ್ತು, ಫೋಟೋ ಇತ್ತು, ಮೂವತ್ತು ವರ್ಷದ ಕರೆಂಟ್ ಬಿಲ್ ಇತ್ತು. "ಹಕ್ಕುಪತ್ರ ಎಲ್ಲಿದೆ?" ಅಂದರು. ಕಡತದ ಮೇಲೆ ಷರಾ ಬಿತ್ತು, ಮುಗೀತು. ಪಕ್ಕದ ಬೀದಿಯಲ್ಲಿ ಖಾತೆ ಇದ್ದವನ ಕಾಂಪೌಂಡ್ ಗೋಡೆಗೂ ದುಡ್ಡು ಬಂತು.

ಇದೇ ಕಥೆ 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ದೊಡ್ಡದಾಗಿ ನಡೆಯಿತು. ತಮಿಳುನಾಡಿನ ನಾಗಪಟ್ಟಿಣಂನಲ್ಲಿ ಪರಿಹಾರ ಹೋಗಿದ್ದು ಮುಖ್ಯವಾಗಿ ದೋಣಿಗೆ, ಬಲೆಗೆ. ದೋಣಿಯಲ್ಲಿ ಕೂಲಿಗೆ ಹೋಗ್ತಿದ್ದ, ದಡದಲ್ಲಿ ಮೀನು ಹೊರ್ತಿದ್ದ, ಉಪ್ಪು ನುಗ್ಗಿದ ಗದ್ದೆಯಲ್ಲಿ ಕೂಲಿ ಮಾಡ್ತಿದ್ದ ದಲಿತರಿಗೆ ದೋಣಿಯೂ ಇಲ್ಲ, ಗದ್ದೆಯೂ ಇಲ್ಲ. ಹಾಗಾಗಿ ನಷ್ಟವೂ ಇಲ್ಲ ಅಂತ ಲೆಕ್ಕ. ಪರಿಹಾರ ಶಿಬಿರದಲ್ಲಿ ಜಾಗಕ್ಕೆ, ನೀರಿಗೆ ತಾರತಮ್ಯ ಆದದ್ದನ್ನು ಮಾನವ ಹಕ್ಕು ಸಂಘಟನೆಗಳು ಆಗಲೇ ದಾಖಲಿಸಿವೆ. ಆದರೆ ಕೊಳೆತ ಹೆಣ ಎತ್ತೋಕೆ ಮಾತ್ರ ಬೇರೆ ಬೇರೆ ಊರಿನ ಮುನಿಸಿಪಾಲಿಟಿಗಳಿಂದ ಪೌರಕಾರ್ಮಿಕರನ್ನು ಕರೆತಂದರು. ಅದಕ್ಕೆ ಯಾವ ದಾಖಲೆಯೂ ಬೇಕಾಗಲಿಲ್ಲ, ಜಾತಿಯೊಂದೇ ಸಾಕಾಯ್ತು.

"ಹೊಂದಾಣಿಕೆ" ಅನ್ನೋ ಪದ ಕೇಳಿದರೆ ನನಗೆ ಭಯ ಆಗೋದು ಇದಕ್ಕೇ. ಚೆನ್ನೈ ನೋಡಿ. 2015ರ ಪ್ರವಾಹದ ನಂತರ ಕೂವಂ, ಅಡ್ಯಾರ್ ನದಿ ದಡದ ಕೊಳೆಗೇರಿಗಳನ್ನು ಎಬ್ಬಿಸಿದರು, ನಿಮ್ಮ ಸುರಕ್ಷತೆಗೇ ಅಂದರು. ಸಾವಿರಾರು ಕುಟುಂಬಗಳನ್ನು ಊರಾಚೆಗೆ ಪೆರುಂಬಾಕ್ಕಂ ಅಪಾರ್ಟ್‌ಮೆಂಟುಗಳಿಗೆ ಸಾಗಿಸಿದರು. ಅವರಲ್ಲಿ ದೊಡ್ಡ ಪಾಲು ದಲಿತರು. ಮನೆಗೆಲಸ, ಕೂಲಿ, ಮಕ್ಕಳ ಶಾಲೆ ಎಲ್ಲ ಊರೊಳಗೇ ಉಳಿಯಿತು. ಅದಕ್ಕಿಂತ ಹೆಚ್ಚಿನ ವ್ಯಂಗ್ಯ ಅಂದರೆ ಪೆರುಂಬಾಕ್ಕಂ ಇರೋದೇ ಪಳ್ಳಿಕರಣೈ ಜೌಗಿನ ಮಗ್ಗುಲಲ್ಲಿ, ಮಳೆ ಬಂದರೆ ಅಲ್ಲೂ ನೀರು. ನದಿ ದಡದ ದೊಡ್ಡ ದೊಡ್ಡ ಕಟ್ಟಡಗಳು ಎಲ್ಲಿದ್ದವೋ ಅಲ್ಲೇ ಇವೆ.

ಇತ್ತ ಕಾನೂನು ಏನು ಮಾಡ್ತಿದೆ? 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಪ್ರಕಾರ, ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ಕರಾವಳಿಯಲ್ಲಿ ಏನೂ ಕಟ್ಟಬಾರದು ಅನ್ನೋ ಗೆರೆ ಉಬ್ಬರದ ರೇಖೆಯಿಂದ 200 ಮೀಟರ್ ಇದ್ದದ್ದು 50 ಮೀಟರ್‌ಗೆ ಇಳಿಯಿತು. ಸಮುದ್ರ ಒಳಗೆ ಬರ್ತಿರೋ ಕಾಲದಲ್ಲಿ ಕಟ್ಟಡಕ್ಕೆ ಮುಂದೆ ಹೋಗು ಅಂತಾರೆ! ಉಬ್ಬರದ ರೇಖೆಯಿಂದ ಹತ್ತೇ ಮೀಟರ್ ಬಿಟ್ಟು ಪ್ರವಾಸಿಗರಿಗೆ ತಾತ್ಕಾಲಿಕ ಶೆಡ್ಡು ಹಾಕಬಹುದು. ಅಪಾಯದ ರೇಖೆ ಅಂತ ಒಂದನ್ನು ಗುರುತಿಸಿದ್ದಾರೆ, ಅದನ್ನು ವಿಪತ್ತು ನಿರ್ವಹಣೆಗೆ ನೋಡಿಕೊಳ್ಳಿ, ಕಟ್ಟಡ ತಡೆಯೋಕೆ ಬಳಸಬೇಡಿ ಅನ್ನೋ ಧಾಟಿ. ಪ್ರವಾಸಿಗನ ಶೆಡ್ಡು ಅಭಿವೃದ್ಧಿ, ಕೂಲಿಯವನ ಶೆಡ್ಡು ಒತ್ತುವರಿ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಬೇಡ ಅಂತ ಮೀನುಗಾರರು ವರ್ಷಗಟ್ಟಲೆ ಬಡಿದಾಡಿದ್ದು ಇಂಥ ನ್ಯಾಯದ ವಿರುದ್ಧವೇ. ಅವರ ಹೋರಾಟಕ್ಕೆ ನಾವು ಒಂದು ಬೆಂಬಲದ ಪತ್ರವನ್ನಾದರೂ ಕಳಿಸಿದ್ವಾ?

ಇಲ್ಲಿ ಒಬ್ಬರು ಕೇಳಬಹುದು: ಮೀನುಗಾರ ಸಮುದಾಯದವರು ನಮ್ಮನ್ನು ಹತ್ತಿರ ಸೇರಿಸ್ತಾರಾ, ಮಲ್ಪೆಯಲ್ಲಿ ಕಟ್ಟಿ ಹೊಡೆದದ್ದು ಮರೆತ್ರಾ? ಮರೆತಿಲ್ಲ. ಬಂದರಿನೊಳಗಿನ ಜಾತಿಯನ್ನು ಎದುರಿಸಲೇಬೇಕು, ಅಟ್ರಾಸಿಟಿ ಕೇಸು ನಡೆಸಲೇಬೇಕು. ಆದರೆ ಮನೆ ಕಳಕೊಳ್ಳುವ ಮೊಗವೀರ, ಖಾರ್ವಿ, ಬ್ಯಾರಿ ಬಡವನೂ ಗೆರೆಯ ಈಚೆಗೇ ಇದ್ದಾನೆ. ಆ ಕೇಸನ್ನು ಬಿಡದೆ ಈ ಬೇಡಿಕೆಯಲ್ಲಿ ಜೊತೆಗೆ ನಿಲ್ಲೋಕೆ ಆಗದಷ್ಟು ಚಿಕ್ಕ ಚಳವಳಿಯಾ ನಮ್ಮದು?

ಹಾಗಾದರೆ ಏನು ಕೇಳಬೇಕು? ಊರು ಬಿಡೋದೇ ಬೇಡ ಅನ್ನೋದು ಎಲ್ಲ ಕಡೆ ಸಾಧ್ಯವಿಲ್ಲ. ಕೆಲವು ಜಾಗ ಉಳಿಯಲ್ಲ. ಒಡಿಶಾದ ಕೇಂದ್ರಪಾಡಾ ಜಿಲ್ಲೆಯ ಸಾತಭಾಯಾದಲ್ಲಿ ಸಮುದ್ರ ಊರಿಗೆ ಊರನ್ನೇ ನುಂಗಿದ ಮೇಲೆ 571 ಕುಟುಂಬಗಳನ್ನು ಬಾಗಪಾಟಿಯಾ ಅನ್ನೋ ಕಡೆ ಸಾಗಿಸಿದರು. ತಲಾ 10 ಸೆಂಟ್ ಜಾಗ, ಮನೆಗೆ 1.5 ಲಕ್ಷ. ದೇಶದಲ್ಲಿ ಸರ್ಕಾರವೇ ಮಾಡಿದ ಇಂಥ ಮೊದಲ ಪುನರ್ವಸತಿ ಅಂತ ಹೊಗಳಿದರು. ಮನೆ ಸಿಕ್ಕಿತು, ಹೊಲ ಸಿಗಲಿಲ್ಲ, ಕೆಲಸ ಸಿಗಲಿಲ್ಲ. ಗಂಡಸರು ಕೇರಳಕ್ಕೆ ಕೂಲಿಗೆ ಹೋದರು. ಆ ಕೇರಳದಲ್ಲಿ ಪುನರ್ಗೇಹಂ ಅಂತ ಯೋಜನೆ ಇದೆ, ಉಬ್ಬರದ ರೇಖೆಯಿಂದ 50 ಮೀಟರ್ ಒಳಗಿನ ಮೀನುಗಾರ ಕುಟುಂಬಕ್ಕೆ ಜಾಗ ಮತ್ತು ಮನೆ ಸೇರಿ 10 ಲಕ್ಷ. ಮಾತಾಡೋಕೆ ಅದೊಂದು ಆಧಾರ. ಆದರೆ ದಡದ ಹತ್ತಿರ 10 ಲಕ್ಷಕ್ಕೆ ಜಾಗ, ಮನೆ ಎರಡೂ ಎಲ್ಲಿ ಬರುತ್ತೆ? ಮೀನುಗಾರ ಅಲ್ಲದವನ ಗತಿ ಏನು?

ಕೇಂದ್ರದ ತೂಕ ಯಾವ ಕಡೆ ಅಂತ 15ನೇ ಹಣಕಾಸು ಆಯೋಗದ ಲೆಕ್ಕದಲ್ಲೇ ಕಾಣುತ್ತೆ. 2021-26ಕ್ಕೆ ಇಡೀ ದೇಶದಲ್ಲಿ ಕೊರೆತ ತಡೆಯೋಕೆ 1,500 ಕೋಟಿ, ಕೊರೆತದಿಂದ ಮನೆಮಠ ಕಳಕೊಂಡವರ ಪುನರ್ವಸತಿಗೆ 1,000 ಕೋಟಿ. ನದಿ, ಸಮುದ್ರ ಎರಡೂ ಸೇರಿ. ಆ ಸಾವಿರ ಕೋಟಿಯಲ್ಲಿ ಕರ್ನಾಟಕ ಎಷ್ಟು ಕೇಳಿತು, ಎಷ್ಟು ತಂತು?

ಕೈಗೆ ಸಿಗುವ ಜಾಗ ಕರಾವಳಿಯಲ್ಲೇ ಇದೆ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಡಿ.ಸಿ. ಮನ್ನಾ ಭೂಮಿ ಅಂತ ಕೇಳಿದ್ದೀರಾ? ಡಿ.ಸಿ. ಅಂದರೆ ಜಿಲ್ಲಾಧಿಕಾರಿ ಅಂದುಕೊಂಡಿರೋರು ನಮ್ಮಲ್ಲೇ ಇದ್ದಾರೆ. ಅದು ಡಿಪ್ರೆಸ್ಡ್ ಕ್ಲಾಸ್. ಬ್ರಿಟಿಷರ ಮದ್ರಾಸ್ ಆಡಳಿತದ ಕಾಲದಲ್ಲಿ ದಲಿತರಿಗೆ ಅಂತಲೇ ಮೀಸಲಿಟ್ಟ ಜಮೀನು. ಎಷ್ಟೋ ಕಡೆ ಒತ್ತುವರಿ ಆಗಿದೆ, ಎಷ್ಟೋ ಕಡೆ ಬೇರೆ ಉದ್ದೇಶಕ್ಕೆ ಹೋಗಿದೆ, ಹಂಚಿಕೆ ಮಾಡಿ ಅಂತ ಅಲ್ಲಿನ ದಲಿತ ಸಂಘಟನೆಗಳು ಹತ್ತಾರು ವರ್ಷದಿಂದ ಧರಣಿ ಕೂತಿವೆ. ನಾಳೆ ಸಮುದ್ರದಿಂದ ಹಿಂದೆ ಸರಿಸೋಕೆ ಜಾಗ ಬೇಕು ಅಂದಾಗ ಸರ್ಕಾರದ ಕಣ್ಣು ಮೊದಲು ಬೀಳೋದು ಯಾವುದರ ಮೇಲೆ? ಪಟ್ಟೆದಾರರ ಅಡಿಕೆ ತೋಟದ ಮೇಲಾ? ಖಾಲಿ ಇರುವ ಈ ಮೀಸಲು ಭೂಮಿ ಮೇಲೆ ಅಂತ ನನ್ನ ಅನುಮಾನ. ಅದಕ್ಕೇ ಹೇಳ್ತಿದ್ದೀನಿ, ಪುನರ್ವಸತಿ ನಕ್ಷೆ ಬರೋದಕ್ಕಿಂತ ಮುಂಚೆ ಆ ಹಂಚಿಕೆ ಆಗಬೇಕು. ತಗ್ಗಿನ ಕಾಲೊನಿಯ ದಲಿತ ಕುಟುಂಬಗಳಿಗೆ ಅದರಲ್ಲಿ ಮೊದಲ ಹಕ್ಕು. ಆಮೇಲೆ ಮಿಕ್ಕವರಿಗೆ ಬೇರೆ ಸರ್ಕಾರಿ ಜಾಗ ಹುಡುಕಲಿ, ಖಾಸಗಿ ಜಮೀನು ಕೊಳ್ಳಲಿ. ಕಲ್ಲಿಗೆ ದುಡ್ಡು ಇದ್ದವರಿಗೆ ನೆಲಕ್ಕೂ ಇರಲೇಬೇಕು.

ಇನ್ನೂ ಒಂದೆರಡು. ಭೂ ಕಂದಾಯ ಕಾಯ್ದೆಯ 94ಸಿ, 94ಸಿಸಿ ಅಡಿ ಬಾಕಿ ಇರುವ ಮನೆ ಸಕ್ರಮದ ಅರ್ಜಿಗಳನ್ನು ಕರಾವಳಿಯ ಮೂರೂ ಜಿಲ್ಲೆಗಳಲ್ಲಿ ಮೊದಲು ವಿಲೇವಾರಿ ಮಾಡಬೇಕು. ಆ ಜಾಗದಲ್ಲಿ ಕೊಡೋಕೆ ಬರಲ್ಲ ಅಂದರೆ, ಇಲ್ಲಿ ಇಷ್ಟು ವರ್ಷದಿಂದ ವಾಸ ಇದ್ದಾರೆ ಅಂತ ಬರೆದುಕೊಡಬೇಕು. ಪರಿಹಾರಕ್ಕೆ ಆ ಒಂದು ಕಾಗದ ಸಾಕು ಅಂತ ಆದೇಶ ಆಗಬೇಕು. ವಲಸೆ ಕೂಲಿಯವರ ಶೆಡ್ಡುಗಳ ಎಣಿಕೆ ಆಗಬೇಕು. ದುಡ್ಡು ಬಂದರೆ ಅದನ್ನು ಎಸ್‌ಸಿಎಸ್‌ಪಿ-ಟಿಎಸ್‌ಪಿ ಬಾಬ್ತಿನಿಂದ ಎತ್ತಬಾರದು. 7ಡಿ ಕಲಂ ತೆಗೆಸೋಕೆ 2013ರಿಂದ 2023ರವರೆಗೆ ಬಡಿದಾಡಿದ್ವಿ, ತಡೆಗೋಡೆಯಿಂದ ದಲಿತರಿಗೂ ಲಾಭ ಅಂತ ಹೇಳಿ ಹಿಂಬಾಗಿಲಿನಿಂದ ಮತ್ತೆ ಕೈ ಹಾಕ್ತಾರೆ, ನೋಡ್ತಾ ಇರಿ.

ಜ್ಞಾನ ಹೊರಗಿನಿಂದಲೇ ಬರಬೇಕು ಅಂತೇನೂ ಇಲ್ಲ. ಕುಮಟಾದ ಅಘನಾಶಿನಿ ಬದಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ತಲೆಮಾರುಗಳಿಂದ ಬೆಳೀತಾರೆ. ವಿದೇಶ ಪ್ರವಾಸಕ್ಕೆ ಹೋಗೋ ಅಧಿಕಾರಿಗಳು ಒಂದು ಸಲ ಅಲ್ಲಿಗೂ ಹೋಗಿಬರಲಿ, ಭತ್ಯೆ ಕಮ್ಮಿ ಸಿಗಬಹುದು.

ಇನ್ನು, ದಾವಣಗೆರೆಯವನಿಗೆ ಯಾಕೆ ಅನ್ನೋ ಪ್ರಶ್ನೆಗೆ ಮತ್ತೆ ಬರ್ತೀನಿ. ಹರಿಹರದ ಸೇತುವೆ ಮೇಲೆ ನಿಂತು ನೋಡುವ ತುಂಗಭದ್ರೆ ಕೃಷ್ಣೆ ಸೇರಿ ಆಂಧ್ರದ ಹಂಸಲದೀವಿಯಲ್ಲಿ ಸಮುದ್ರ ಕಾಣ್ತಾಳೆ. ನದಿ ತರುವ ಹೂಳಿನಿಂದಲೇ ಆ ಮುಖಜಭೂಮಿ ಬೆಳೆಯಬೇಕು, ಸಮುದ್ರ ಏರಿದಷ್ಟು ನೆಲವೂ ಏರಬೇಕು. ಆ ಹೂಳು ಹೊಸಪೇಟೆಯ ಅಣೆಕಟ್ಟಿನಲ್ಲಿ ಕೂತಿದೆ. ಶುರುವಿನಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ 105ರ ಆಸುಪಾಸು. ನಮ್ಮ ನಾಲೆಗಳ ಲೆಕ್ಕ ಅಲ್ಲಿ ದಡದ ಲೆಕ್ಕವೂ ಹೌದು. ಅದೇ ಹರಿಹರದಲ್ಲಿ ನದಿ ತುಂಬಿದ ವರ್ಷ ಗಂಗಾನಗರದ ಜನ ಪಾತ್ರೆ ಪಗಡ ಹೊತ್ತು ಕಾಳಜಿ ಕೇಂದ್ರಕ್ಕೆ ಹೋಗ್ತಾರೆ, ನೀರಿಳಿದ ಮೇಲೆ ಅದೇ ಕೆಸರಿಗೆ ವಾಪಸ್ ಬರ್ತಾರೆ. ಉಳ್ಳಾಲಕ್ಕೆ ಕೇಳುವ ಕಾಗದವನ್ನೇ ಗಂಗಾನಗರಕ್ಕೂ ಕೇಳಬೇಕು. ಪ್ರೊ. ಬಿ. ಕೃಷ್ಣಪ್ಪ ಅದೇ ಹರಿಹರದವರು. ಸಿದ್ಲಿಪುರದಲ್ಲಿ ಭೂಮಿಗಾಗಿ ಚಳವಳಿ ನಿಂತಾಗ, ನೆಲ ಯಾರದು ಅನ್ನೋದೇ ಮೊದಲ ಪ್ರಶ್ನೆ ಆಗಿತ್ತು. ಅವರ ಫೋಟೋಗೆ ಹಾರ ಹಾಕಿ, ನೆಲವೇ ಕರಗಿಹೋಗ್ತಿರುವ ಕಡೆಯ ಜನರ ವಿಷಯ ನಮ್ಮದಲ್ಲ ಅಂತ ಹೇಗೆ ಹೇಳ್ತೀರಿ?

ಕೆಲಸಕ್ಕೆ ಬರೋಣ. ನಾಲ್ಕು ಮಾಹಿತಿ ಹಕ್ಕು ಅರ್ಜಿಗಳ ಕರಡು ಮಾಡಿಟ್ಟಿದ್ದೀನಿ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದಕ್ಕೆ ಒಂದೇ ವಿಷಯ, ಅದಕ್ಕೇ ನಾಲ್ಕು. ಒಂದನೆಯದು ಐದು ವರ್ಷದಲ್ಲಿ ಕಡಲ್ಕೊರೆತ ತಡೆಗೆ ಖರ್ಚಾದ ಹಣ ಎಷ್ಟು, ಪುನರ್ವಸತಿಗೆ ಎಷ್ಟು ಅಂತ. ಎರಡನೆಯದು ಹಕ್ಕುಪತ್ರ ಇಲ್ಲ ಅನ್ನೋ ಕಾರಣಕ್ಕೆ ತಿರಸ್ಕರಿಸಿದ ಮನೆಹಾನಿ ಅರ್ಜಿಗಳು, ಜಾತಿವಾರು. ಮೂರನೆಯದು ಡಿ.ಸಿ. ಮನ್ನಾ ಭೂಮಿಯ ಹಂಚಿಕೆ, ತಾಲ್ಲೂಕುವಾರು. ನಾಲ್ಕನೆಯದು ನಮ್ಮ ಹರಿಹರದ ನದಿ ದಡದ ಕುಟುಂಬಗಳ ಬಗ್ಗೆ. ಮಂಗಳೂರು, ಉಡುಪಿ, ಕಾರವಾರದ ಸಂಗಾತಿಗಳು ಯಾರಾದರೂ ಇದನ್ನು ಓದ್ತಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ, ಕರಡು ಕಳಿಸ್ತೀನಿ. ಬಿಪಿಎಲ್ ಕಾರ್ಡ್ ಇದ್ದವರ ಹೆಸರಲ್ಲಿ ಹಾಕಿದರೆ ಹತ್ತು ರೂಪಾಯಿ ಶುಲ್ಕವೂ ಇಲ್ಲ, ಕಾರ್ಡಿನ ಜೆರಾಕ್ಸ್ ಲಗತ್ತಿಸೋದು ಮರೀಬೇಡಿ.